ಸಬ್‌ಮರೀನ್ ಹಳತಾದರೂ ನೆಮೋ ಹಳಬನಾಗಲಿಲ್ಲ

‘ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದಿ ಸೀ’ ಓದಿ ಅಂತ ಯಾರಿಗೆ ಹೇಳಿದರೂ ಒಂದೇ ಪ್ರಶ್ನೆ ಬರುತ್ತದೆ: “ಸಬ್‌ಮರೀನ್ ಅಂದರೇನು ಅಂತ ಈಗ ಮಕ್ಕಳಿಗೂ ಗೊತ್ತು. ಇನ್ನು ಅದರಲ್ಲಿ ಕುತೂಹಲ ಎಲ್ಲಿಂದ ಬರಬೇಕು?”

ಫ್ರೆಂಚ್ ಲೇಖಕ ಜೂಲ್ಸ್ ವರ್ನ್‌ನ ಈ ಕಾದಂಬರಿ 1869-70ರಲ್ಲಿ ಧಾರಾವಾಹಿಯಾಗಿ ಬಂದಾಗ ಅಂಥ ಹಡಗು ಸೋಜಿಗವೇ ಆಗಿತ್ತು, ನಿಜ. ಆದರೆ ಆ ಗುಟ್ಟನ್ನು ವರ್ನ್ ಶುರುವಿನಲ್ಲೇ ಬಿಟ್ಟುಕೊಡುತ್ತಾನೆ. ಹಡಗುಗಳಿಗೆ ಗುದ್ದುತ್ತಿರುವುದು ದೈತ್ಯ ನಾರ್ವಾಲ್ ತಿಮಿಂಗಿಲ ಎನ್ನುವುದು ಪ್ರೊಫೆಸರ್ ಅರೋನಾಕ್ಸ್‌ನ ವಾದ. ಅದರ ಬೇಟೆಗೆ ಹೋಗಿ, ಸಮುದ್ರಕ್ಕೆ ಬಿದ್ದು, ಕೊನೆಗೆ ಅದರ ಬೆನ್ನ ಮೇಲೇ ಹತ್ತಿ ಕೂತಾಗ, ತನ್ನ ಈಟಿ ಯಾಕೆ ನಾಟಲಿಲ್ಲ ಎನ್ನುವುದು ಕೆನಡಾದ ಬೇಟೆಗಾರ ನೆಡ್ ಲ್ಯಾಂಡ್‌ಗೆ ತಿಳಿಯುತ್ತದೆ: ಅದು ಉಕ್ಕಿನ ತಗಡು. ಪ್ರಾಣಿಯ ಕಥೆ ಅಲ್ಲಿಗೆ ಮುಗಿಯಿತು, ಪುಸ್ತಕದ ಬಹುಪಾಲು ಇನ್ನೂ ಬಾಕಿ ಇದೆ. ಯಂತ್ರವೊಂದನ್ನೇ ನೆಚ್ಚಿಕೊಂಡವನು ಹೀಗೆ ಬರೆಯುತ್ತಿರಲಿಲ್ಲ.

ಮುಂದೆ ನಮ್ಮನ್ನು ಎಳೆದುಕೊಂಡು ಹೋಗುವವನು ಆ ಸಬ್‌ಮರೀನ್ ‘ನಾಟಿಲಸ್’ನ ಒಡೆಯ ಕ್ಯಾಪ್ಟನ್ ನೆಮೋ. ನಾಟಿಲಸ್ 70 ಮೀಟರ್ ಉದ್ದ, ಅದರ ಲೈಬ್ರರಿಯಲ್ಲಿ 12,000 ಪುಸ್ತಕ, ಎಲ್ಲ ನಡೆಯುವುದು ವಿದ್ಯುತ್ತಿನಿಂದ ಎಂದೆಲ್ಲ ಬಿಡಿಸಿ ಹೇಳುವ ಮನುಷ್ಯ, ತಾನು ಯಾರು, ನೆಲದ ಋಣ ಯಾಕೆ ಹರಿದುಕೊಂಡೆ ಎನ್ನುವುದನ್ನು ಮಾತ್ರ ಬಾಯಿಬಿಡುವುದಿಲ್ಲ.

ಹಿಂದೂ ಮಹಾಸಾಗರದಲ್ಲಿ ನಡೆಯುವ ಒಂದು ಪ್ರಸಂಗ ನೋಡಿ. ನೆಮೋ ದುರ್ಬೀನಿನಲ್ಲಿ ದೂರದ ಏನನ್ನೋ ಕಂಡು ಕೆರಳುತ್ತಾನೆ. ಅರೋನಾಕ್ಸ್ ತನ್ನ ದುರ್ಬೀನು ಕಣ್ಣಿಗಿಡುವಷ್ಟರಲ್ಲಿ ಅದನ್ನು ಕಿತ್ತುಕೊಳ್ಳುತ್ತಾನೆ. ಹಡಗಿನಲ್ಲಿ ಸೆರೆಯಾಳುಗಳಾಗಿರುವ ಅರೋನಾಕ್ಸ್, ಅವನ ಸೇವಕ, ನೆಡ್ ಮೂವರನ್ನೂ ಕೋಣೆಗೆ ಕೂಡಿಹಾಕಿ, ಊಟದಲ್ಲಿ ಮತ್ತು ಬರಿಸಿ ಮಲಗಿಸಲಾಗುತ್ತದೆ. ಮರುದಿನ ನೆಮೋ ಬಂದು, ನೀವು ವೈದ್ಯರಾ ಎಂದು ಕೇಳುತ್ತಾನೆ. ಒಳಗೆ ಅವನ ಕಡೆಯವನೊಬ್ಬ ತಲೆಬುರುಡೆ ಒಡೆದು ಸಾಯುತ್ತಿದ್ದಾನೆ. ಯಂತ್ರದ ಸನ್ನೆಕೋಲು ಮುರಿದು ಬಡಿಯಿತು ಎಂದಷ್ಟೇ ವಿವರಣೆ. ಉಳಿಯುವುದಿಲ್ಲ ಎಂದು ಅರೋನಾಕ್ಸ್ ಹೇಳಿದಾಗ ನೆಮೋನ ಕಣ್ಣಲ್ಲಿ ನೀರು. ಹವಳದ ನಡುವೆ ಶವ ಹೂಳುತ್ತಾರೆ. ನಿಮ್ಮವರು ಇಲ್ಲಿ ಶಾರ್ಕುಗಳಿಂದ ದೂರ ನಿಶ್ಚಿಂತೆಯಾಗಿ ಮಲಗಿದ್ದಾರೆ ಎಂದರೆ, ಮನುಷ್ಯರಿಂದಲೂ ದೂರ ಎನ್ನುತ್ತಾನೆ ನೆಮೋ.

ಆ ರಾತ್ರಿ ಏನಾಯಿತೆಂದು ವರ್ನ್ ನೇರವಾಗಿ ಹೇಳುವುದೇ ಇಲ್ಲ. ಕೊನೆಗೆ ನಾಟಿಲಸ್ ಒಂದು ಯುದ್ಧನೌಕೆಯನ್ನು ಅದರ ಜನರ ಸಮೇತ ಮುಳುಗಿಸುವಾಗ, ಆ ರಾತ್ರಿ ನೆನಪಾಗಿ ಎದೆ ಝಲ್ಲೆನ್ನುತ್ತದೆ. ನನಗೆ ಇಡೀ ಪುಸ್ತಕದ ಜೀವ ಇರುವುದು ಇಲ್ಲೇ. ದೈತ್ಯ ಅಷ್ಟಪದಿಯ ಕಾಳಗಕ್ಕಿಂತ ಇದು ಹೆಚ್ಚು ಕಾಡುತ್ತದೆ.

ಅರೋನಾಕ್ಸ್‌ನನ್ನು ಓದುಗರು ಬರೀ ನಿರೂಪಕ ಅಂದುಕೊಳ್ಳುತ್ತಾರೆ, ಅದು ಅನ್ಯಾಯ. ನೆಡ್‌ಗೆ ಹಗಲೂ ರಾತ್ರಿ ತಪ್ಪಿಸಿಕೊಳ್ಳುವ ಚಿಂತೆ. ಪ್ರೊಫೆಸರ್‌ಗೆ ಕಡಲ ಅದ್ಭುತ ಬಿಟ್ಟು ಹೋಗಲು ಮನಸ್ಸಿಲ್ಲ. ಪಾರಾಗುತ್ತಾರೋ ಇಲ್ಲವೋ ಎಂಬ ಆತಂಕ ಹೊರಗಿನ ಬೀಗಕ್ಕಿಂತ ಅವನ ಈ ಆಸೆಯಿಂದಲೇ ಹುಟ್ಟುತ್ತದೆ.

ಸಿಲೋನ್ ಬಳಿ ಮುತ್ತು ತೆಗೆಯುವ ಬಡವನೊಬ್ಬನನ್ನು ಶಾರ್ಕಿನ ಬಾಯಿಂದ ಬಿಡಿಸಿ, ಅವನ ಕೈಗೆ ಮುತ್ತಿನ ಚೀಲ ಕೊಟ್ಟವನೂ ಇದೇ ನೆಮೋ. ದಬ್ಬಾಳಿಕೆಗೆ ಸಿಕ್ಕ ನಾಡಿನವನು ಆ ಬಡವ, ಉಸಿರಿರುವವರೆಗೆ ನಾನೂ ಆ ನಾಡಿನವನೇ ಎನ್ನುತ್ತಾನೆ. ಮುಂದೆ 1874-75ರ ‘ದಿ ಮಿಸ್ಟೀರಿಯಸ್ ಐಲ್ಯಾಂಡ್’ನಲ್ಲಿ ಗುಟ್ಟು ರಟ್ಟಾಗುತ್ತದೆ: ಅವನು ಬುಂದೇಲಖಂಡದ ರಾಜಕುಮಾರ ಡಕ್ಕರ್, 1857ರ ದಂಗೆಯಲ್ಲಿ ಹೋರಾಡಿದವನು, ನಮ್ಮ ಟಿಪ್ಪು ಸುಲ್ತಾನನ ಸೋದರಳಿಯ! ಮೊದಲು ವರ್ನ್ ಅವನನ್ನು ರಷ್ಯದ ಮೇಲೆ ಹಗೆ ಸಾಧಿಸುವ ಪೋಲೆಂಡಿನವನನ್ನಾಗಿ ಮಾಡಬೇಕೆಂದಿದ್ದ. ಪ್ರಕಾಶಕ ಹೆಟ್ಜೆಲ್ ಒಪ್ಪಲಿಲ್ಲ.

ಈ ಗುಟ್ಟು ಮೊದಲೇ ಗೊತ್ತಿದ್ದರೂ ಪುಸ್ತಕ ಸಪ್ಪೆಯಾಗದು. ಒಬ್ಬ ಬಡವನಿಗಾಗಿ ಶಾರ್ಕಿನೆದುರು ನಿಂತವನು ಹಡಗು ತುಂಬ ಜನರನ್ನು ಹೇಗೆ ಮುಳುಗಿಸಿದ ಎಂಬ ಪ್ರಶ್ನೆಗೆ ಅವನ ಹೆಸರು, ಊರು ಉತ್ತರವಾಗುವುದಿಲ್ಲ. ಆದರೆ ಸಂಕ್ಷಿಪ್ತ ಆವೃತ್ತಿ ಬೇಡ. 1870ರ ದಶಕದ ಹಳೆಯ ಇಂಗ್ಲಿಷ್ ಅನುವಾದದಲ್ಲೂ ಬಹಳಷ್ಟು ಕತ್ತರಿ ಆಡಿದೆ. ಕೊಳ್ಳುವ ಮುಂಚೆ ಹವಳದ ಸ್ಮಶಾನದ ಅಧ್ಯಾಯ ಪೂರ್ತಿ ಇದೆಯೇ ಎಂದು ತಿರುವಿ ನೋಡಿ.