ನಿಮ್ಮ ನೀರಿನ ಟಿಡಿಎಸ್ ಎಷ್ಟು?

ಮದುವೆ ಮನೆಯ ಪಂಕ್ತಿಯಲ್ಲಿ, ಕೋಲಾರದ ಬಸ್ಸಿಗೆ ಕಾಯುವಾಗ, ಸಂಜೆ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರ ನಡುವೆ ಈಚೆಗೆ ನನಗೆ ಎದುರಾಗುವ ಪ್ರಶ್ನೆ ಒಂದೇ: "ಅಣ್ಣಾ, ನಮ್ಮ ನೀರಿನ ಟಿಡಿಎಸ್ ಇಷ್ಟು ಬಂದಿದೆ, ಕುಡಿಯಬಹುದೇ?" ನೀರಿನಲ್ಲಿ ಕರಗಿರುವುದೆಲ್ಲದರ ಲೆಕ್ಕ ಹೇಳುವ ಪೆನ್ನಿನಂಥ ಟಿಡಿಎಸ್ ಮೀಟರನ್ನೇ ಕೆಲವರು ಜೇಬಿನಲ್ಲಿಟ್ಟುಕೊಂಡು ಬರುತ್ತಾರೆ. 300 ಬಂದವರ ಮುಖ ಅರಳಿರುತ್ತದೆ, 900 ಬಂದವರ ಮುಖ ಬಾಡಿರುತ್ತದೆ. ಇಬ್ಬರಿಗೂ ನನ್ನ ಉತ್ತರ ಒಂದೇ. ನಮ್ಮ ಸೀಮೆಯ ನೀರಿನ ಬಗ್ಗೆ ಮೊದಲು ಕೇಳಬೇಕಾದದ್ದು, ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಎಷ್ಟಿದೆ ಎಂದು. ಅದನ್ನು ಈ ಮೀಟರು ಹೇಳುವುದಿಲ್ಲ, ಹೇಳಲು ಅದಕ್ಕೆ ಬರುವುದೂ ಇಲ್ಲ.

ನಾನು ವಿಜ್ಞಾನ ಓದಿದವನಲ್ಲ. ಮುಳಬಾಗಿಲು ತಾಲ್ಲೂಕಿನ ನಮ್ಮೂರಿನ ಹಾಲು ಉತ್ಪಾದಕರ ಸಂಘದಲ್ಲಿ 26 ವರ್ಷ ಹಾಲು ಪರೀಕ್ಷಕನಾಗಿದ್ದೆ. ಯಂತ್ರವನ್ನು ಎಲ್ಲಿಯವರೆಗೆ ನಂಬಬೇಕು ಎಂಬುದನ್ನು ನನಗೆ ಕಲಿಸಿದ್ದು ಲ್ಯಾಕ್ಟೋಮೀಟರು. ಹಾಲಿನಲ್ಲಿ ತೇಲಿಬಿಡುವ ಆ ಗಾಜಿನ ಕೊಳವೆ ಅಳೆಯುವುದು ಸಾಂದ್ರತೆಯೊಂದನ್ನೇ. ಒಳ್ಳೆಯ ಹಾಲಿನಲ್ಲಿ ಅದು 28ರಿಂದ 32ರ ಒಳಗೆ ನಿಲ್ಲುತ್ತದೆ. ನೀರು ಬೆರೆಸಿದರೆ ಸಂಖ್ಯೆ ಇಳಿಯುತ್ತದೆ. ಕೆನೆ ತೆಗೆದರೆ ಸಂಖ್ಯೆ ಏರುತ್ತದೆ. ಹಾಗಾಗಿ ಕೆನೆಯನ್ನೂ ತೆಗೆದು, ಲೆಕ್ಕ ನೋಡಿ ನೀರನ್ನೂ ಸುರಿದರೆ ಲ್ಯಾಕ್ಟೋಮೀಟರು ಮತ್ತೆ 29ಕ್ಕೆ ಬಂದು ನಿಲ್ಲುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಮನೆಯ ಹಾಲನ್ನು ನಾನು ಹೀಗೆ ತಿಂಗಳುಗಟ್ಟಲೆ ಒಳ್ಳೆಯ ಹಾಲೆಂದು ಬರೆದುಕೊಂಡಿದ್ದೆ. ಆಗ ನಮ್ಮಲ್ಲಿ ಪ್ರತಿಯೊಬ್ಬರ ಹಾಲಿಗೂ ದಿನವೂ ಫ್ಯಾಟ್ ನೋಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಕಾರ್ಯದರ್ಶಿಗಳು ಅದೇ ಹಾಲನ್ನು ಜಿಡ್ಡು ಅಳೆಯುವ ಬ್ಯುಟಿರೋಮೀಟರಿಗೆ ಹಾಕಿ, ಆಮ್ಲ ಸೇರಿಸಿ, ಯಂತ್ರದಲ್ಲಿ ತಿರುಗಿಸಿ ನನ್ನ ಕಣ್ಣ ಮುಂದೆ ಹಿಡಿದರು. ಜಿಡ್ಡಿನ ಗೆರೆ ಶೇ 2ನ್ನೂ ಮುಟ್ಟಿರಲಿಲ್ಲ. "ಲ್ಯಾಕ್ಟೋಮೀಟರು ಸುಳ್ಳು ಹೇಳಿಲ್ಲಪ್ಪ, ಅದಕ್ಕೆ ಜಿಡ್ಡಿನ ವಿಷಯ ಗೊತ್ತೇ ಇಲ್ಲ" ಎಂದರು. ಆ ಮಾತು ನನ್ನ ಜೊತೆಯಲ್ಲಿ ಉಳಿದುಬಿಟ್ಟಿತು. ಹೊಸ ಯಂತ್ರ ಯಾವುದು ಕೈಗೆ ಬಂದರೂ, ಇದು ಅಳೆಯುವುದು ಏನನ್ನು ಎಂದು ಮೊದಲು ವಿಚಾರಿಸುತ್ತೇನೆ.

ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ವಸ್ತುಗಳ ಒಟ್ಟು ಮೊತ್ತ. ಆದರೆ ಮೀಟರು ಅದನ್ನೂ ನೇರವಾಗಿ ಅಳೆಯುವುದಿಲ್ಲ. ಅದರ ತುದಿಯಲ್ಲಿ ಎರಡು ಪುಟ್ಟ ಲೋಹದ ಕಡ್ಡಿಗಳಿವೆ. ಅವೆರಡರ ನಡುವೆ ನೀರಿನ ಮೂಲಕ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ನೋಡಿ, ಅದನ್ನು ಒಂದು ಸ್ಥಿರ ಸಂಖ್ಯೆಯಿಂದ ಗುಣಿಸಿ, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ತೋರಿಸುತ್ತದೆ. ಕರಗಿರುವುದು ಅಡುಗೆ ಉಪ್ಪೋ, ಸುಣ್ಣದ ಅಂಶವೋ, ಹೊಲದ ಗೊಬ್ಬರದಿಂದ ಇಳಿದ ನೈಟ್ರೇಟೋ ಎಂಬುದು ಅದಕ್ಕೆ ತಿಳಿಯದು. ವಾಂತಿಭೇದಿ ತರುವ ರೋಗಾಣುಗಳು ಲವಣಗಳಲ್ಲವಾದ್ದರಿಂದ ಅದರ ಲೆಕ್ಕಕ್ಕೇ ಬರುವುದಿಲ್ಲ.

ಈಗ ಫ್ಲೋರೈಡಿನ ಲೆಕ್ಕ ನೋಡಿ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500. ಅದರ ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು; ಬೇರೆ ನೀರೇ ಸಿಗದ ಕಡೆ 2000ದವರೆಗೂ ಒಪ್ಪಬಹುದು. ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ದಾರಿಯಿಲ್ಲದಿದ್ದರೆ ಹೆಚ್ಚೆಂದರೆ 1.5. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ಅಂದರೆ ಮಕ್ಕಳಿಗೆ ಕೊಡಬಹುದಾದ ನೀರಿಗೂ, 3 ಮಿಲಿಗ್ರಾಂ ಫ್ಲೋರೈಡ್ ಇರುವ ಕೊಡಬಾರದ ನೀರಿಗೂ ವ್ಯತ್ಯಾಸ ಎರಡೇ ಮಿಲಿಗ್ರಾಂ. ಟಿಡಿಎಸ್ ಮೀಟರನ್ನು ಒಮ್ಮೆ ಅದ್ದಿ, ಒದರಿ, ಅದೇ ಲೋಟಕ್ಕೆ ಮತ್ತೆ ಅದ್ದಿ ನೋಡಿ. ಅಷ್ಟರಲ್ಲೇ ಸಂಖ್ಯೆ ನಾಲ್ಕೈದು ಅತ್ತಿತ್ತ ಆಗುತ್ತದೆ. ಎಮ್ಮೆ ತೂಗುವ ತಕ್ಕಡಿಯಲ್ಲಿ ಮೂಗುಬೊಟ್ಟಿನ ತೂಕ ಸಿಗುವುದಿಲ್ಲ.

ನನ್ನ ಅಕ್ಕನ ಮನೆ ಚಿಂತಾಮಣಿ ಕಡೆಯ ಒಂದು ಹಳ್ಳಿಯಲ್ಲಿದೆ. ಎರಡು ವರ್ಷದ ಹಿಂದೆ ನಾನು ಅಲ್ಲಿದ್ದಾಗ ಫಿಲ್ಟರ್ ಮಾರುವ ಹುಡುಗನೊಬ್ಬ ಬಂದ. ಮೊದಲು ಮೀಟರು ಅದ್ದಿದ, 410 ಬಂತು. "ಸುಮಾರಾಗಿದೆ ಅಮ್ಮ, ಆದರೆ ಒಳಗೆ ಏನಿದೆ ತೋರಿಸುತ್ತೇನೆ" ಎಂದು ಎರಡು ಗಾಜಿನ ಲೋಟ ಕೇಳಿದ. ಒಂದಕ್ಕೆ ಅಕ್ಕನ ಮನೆಯ ಬೋರ್‌ವೆಲ್ ನೀರು, ಇನ್ನೊಂದಕ್ಕೆ ತಾನು ತಂದಿದ್ದ ಬಾಟಲಿಯ ಫಿಲ್ಟರ್ ನೀರು. ನಾಲ್ಕು ಲೋಹದ ಕಡ್ಡಿಗಳಿದ್ದ ಒಂದು ಪೆಟ್ಟಿಗೆಯನ್ನು ಎರಡೂ ಲೋಟದ ಮೇಲೆ ಕೂರಿಸಿ ವಿದ್ಯುತ್ ಕೊಟ್ಟ. ಅರ್ಧ ನಿಮಿಷದಲ್ಲಿ ಬೋರ್‌ವೆಲ್ ನೀರು ಹಳದಿಗೆ ತಿರುಗಿತು, ನೊರೆ ಎದ್ದಿತು, ಹಸಿರು ಮಿಶ್ರಿತ ಕಂದು ಗಸಿ ಸುರುಳಿ ಸುರುಳಿಯಾಗಿ ಇಳಿಯತೊಡಗಿತು. ಫಿಲ್ಟರ್ ನೀರು ಕದಲದೆ ತಿಳಿಯಾಗಿ ನಿಂತಿತ್ತು. ಅಕ್ಕ "ಅಯ್ಯೋ ದೇವರೇ, ಇಷ್ಟು ವರ್ಷ ಇದನ್ನೇ ಕುಡಿದೆವಲ್ಲ" ಎಂದು ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವಳ ಕೈ ನಡುಗುತ್ತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ನಾನು ಅಡುಗೆಮನೆಗೆ ಹೋಗಿ ಎರಡು ಬೆರಳಿನಲ್ಲಿ ಒಂದು ಚಿಟಿಕೆ ಉಪ್ಪು ತಂದು ಅವನ ತಿಳಿನೀರಿಗೆ ಹಾಕಿ ಕಲಕಿದೆ. "ಈಗ ಇನ್ನೊಮ್ಮೆ ಮಾಡಪ್ಪ" ಎಂದೆ. ಆ ಲೋಟ ಮೊದಲಿನದಕ್ಕಿಂತಲೂ ಬೇಗ ಕಂದಾಯಿತು. ಉಪ್ಪಿನಲ್ಲಿ ಅಷ್ಟು ಕೊಳೆ ಇರಲಿಲ್ಲ. ಪ್ರತಿ ಲೋಟಕ್ಕಿಳಿದ ಎರಡು ಕಡ್ಡಿಗಳಲ್ಲಿ ಒಂದು ಕಬ್ಬಿಣದ್ದು. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಹರಿದಾಗ ಕಬ್ಬಿಣ ಸವೆದು ನೀರಿಗೆ ಇಳಿದು ತುಕ್ಕಿನಂಥ ಗಸಿಯಾಗುತ್ತದೆ. ಫಿಲ್ಟರ್ ನೀರಿನಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ವಿದ್ಯುತ್ ಹರಿಯುವುದಿಲ್ಲ, ಕಡ್ಡಿಯೂ ಕರಗುವುದಿಲ್ಲ. ಕಡ್ಡಿಯನ್ನು ಒರೆಸಿ ಬೆಳಕಿಗೆ ಹಿಡಿದರೆ ಗೆದ್ದಲು ತಿಂದ ಹಾಗೆ ಗುಳಿಗುಳಿಯಾಗಿತ್ತು. ನಾವು ನೋಡಿ ಹೆದರಿದ ಕೊಳೆ ಅವನ ಪೆಟ್ಟಿಗೆಯದು.

ಹುಡುಗ ತಲೆ ತಗ್ಗಿಸಿ, "ಸಾರ್, ತರಬೇತಿಯಲ್ಲಿ ನಮಗೆ ಹೀಗೇ ಹೇಳಿಕೊಟ್ಟಿದ್ದಾರೆ" ಎಂದ. ಅವನ ಮಾತನ್ನು ನಾನು ನಂಬಿದೆ. ಅಕ್ಕ ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು. ನನ್ನ ಸಿಟ್ಟು ಆ ಪೆಟ್ಟಿಗೆಯನ್ನು ಅವನ ಕೈಗೆ ಕೊಟ್ಟು, ಮೊಮ್ಮಕ್ಕಳಿರುವ ಮನೆ ಹುಡುಕಿ ಹೋಗು ಎಂದವರ ಮೇಲೆ.

ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಆ ಗಲಾಟೆಯಲ್ಲಿ ನಾನು ಅಕ್ಕನ ಮೊಮ್ಮಗಳ ಹಲ್ಲು ನೋಡಿದೆ. ಹನ್ನೊಂದು ವರ್ಷದ ಹುಡುಗಿ. ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡಲಾಗಿ ಕಂದು ಪಟ್ಟೆ, ಅಲ್ಲಲ್ಲಿ ಸುಣ್ಣ ಬಳಿದಂಥ ಬಿಳಿ ಮಚ್ಚೆ. ಗೋಡೆಯ ಮೇಲಿದ್ದ ಶಾಲೆಯ ಗುಂಪು ಫೋಟೋದಲ್ಲಿ ಅವಳು ತುಟಿ ಬಿಗಿದು ನಿಂತಿದ್ದಳು. ಅವಳ ಅಕ್ಕಪಕ್ಕದ ಮಕ್ಕಳಲ್ಲೂ ಮೂರ್ನಾಲ್ಕು ಮಂದಿ ಹಾಗೆಯೇ. ತೆರೆದ ಬಾವಿಯ ನೀರು ಕುಡಿದು ಬೆಳೆದ ಅಕ್ಕನ ಹಲ್ಲು ಅರವತ್ತು ದಾಟಿದರೂ ಬೆಳ್ಳಗಿವೆ. ಮರುದಿನವೇ ನೀರು ಹಿಡಿದುಕೊಂಡು ಹೋಗಿ ಪ್ರಯೋಗಾಲಯಕ್ಕೆ ಕೊಟ್ಟೆ. ಫ್ಲೋರೈಡ್ 2.4 ಎಂದು ಬಂತು. ಸುಮಾರಾಗಿದೆ ಎಂದ ಮೀಟರಿನ ಅದೇ ನೀರು. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ, ಯಾವ ಪೆಟ್ಟಿಗೆ ಕೂರಿಸಿದರೂ ಗಸಿಯಾಗಿ ಇಳಿಯುವುದಿಲ್ಲ. ದವಡೆಯೊಳಗೆ ಹಲ್ಲು ರೂಪುಗೊಳ್ಳುವ ಮೊದಲ ಏಳೆಂಟು ವರ್ಷಗಳಲ್ಲಿ ಅದು ತನ್ನ ಕೆಲಸ ಮುಗಿಸಿರುತ್ತದೆ, ಆಮೇಲೆ ಆ ಕಲೆ ಉಜ್ಜಿದರೆ ಹೋಗುವಂಥದ್ದಲ್ಲ. ವರ್ಷಾನುಗಟ್ಟಲೆ ಹೆಚ್ಚಿನ ಪ್ರಮಾಣದಲ್ಲಿ ಕುಡಿದರೆ ಮೂಳೆ, ಕೀಲುಗಳಿಗೂ ಹಿಡಿಯುತ್ತದೆ. ಪಾವಗಡ, ಬಾಗೇಪಲ್ಲಿ ಕಡೆಯವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ನೀರು ಕುದಿಸಿ ಕುಡಿಯುತ್ತೇವೆ ಎನ್ನುವವರಿದ್ದಾರೆ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಇನ್ನು ನಮ್ಮ ಅಮ್ಮಂದಿರ ಪರೀಕ್ಷೆಯೊಂದಿತ್ತು: ಯಾವ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆಯೋ ಅದು ಒಳ್ಳೆಯ ನೀರು. ಗಡಸು ನೀರನ್ನು ಗುರುತಿಸಲು ಅದು ಸರಿಯಾದ ಪರೀಕ್ಷೆಯೇ, ಸುಣ್ಣದ ಅಂಶ ಹೆಚ್ಚಿದ್ದರೆ ಬೇಳೆ ಬೇಯುವುದಿಲ್ಲ. ಆದರೆ ಬೋರ್‌ವೆಲ್ ಕಾಲದಲ್ಲಿ ಇದನ್ನು ನಂಬಿ ಕೂರುವ ಹಾಗಿಲ್ಲ. ಫ್ಲೋರೈಡ್ ಬರುವುದು ನಮ್ಮ ಕಾಲ ಕೆಳಗಿನ ಕಲ್ಲಿನಿಂದ. ಗ್ರಾನೈಟಿನ ಬಿರುಕುಗಳಲ್ಲಿ ನೀರು ಬಹುಕಾಲ ನಿಂತಷ್ಟೂ ಕಲ್ಲಿನೊಳಗಿನ ಖನಿಜಗಳಿಂದ ಅದು ಕರಗಿ ಬರುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಫ್ಲೋರೈಡನ್ನು ಹಿಡಿದು ಕೂರಿಸುತ್ತದೆ, ಕಡಿಮೆ ಇದ್ದರೆ ಬಿಟ್ಟುಕೊಡುತ್ತದೆ. ಹಾಗಾಗಿ ಸಾವಿರ, ಸಾವಿರದಿನ್ನೂರು ಅಡಿಯಿಂದ ಬಂದ, ಬೇಳೆ ಚೆನ್ನಾಗಿ ಬೇಯುವ ಮೆದು ನೀರಿನಲ್ಲೇ ಫ್ಲೋರೈಡ್ ಜಾಸ್ತಿ ಇರುವ ಸಾಧ್ಯತೆಯುಂಟು.

ಇಷ್ಟೆಲ್ಲ ಕೇಳಿದ ಮೇಲೆ "ಹಾಗಾದರೆ ಆರ್‌ಒ ಬೇಡ ಎನ್ನುತ್ತೀರಾ?" ಎಂದು ಕೇಳುತ್ತಾರೆ. ಇಲ್ಲ. ಅಕ್ಕನ ಮನೆಗೆ ಆರ್‌ಒ ಯಂತ್ರವನ್ನು ನಾನೇ ನಿಂತು ಹಾಕಿಸಿದೆ. ನೀರನ್ನು ಒತ್ತಡದಿಂದ ತೆಳುವಾದ ಪೊರೆಯ ಮೂಲಕ ಹಾಯಿಸಿ ಸೋಸುವ ಆ ಯಂತ್ರ ಫ್ಲೋರೈಡನ್ನು ಬಹುಪಾಲು ತೆಗೆಯುತ್ತದೆ. ಸಮುದ್ರದ ನೀರನ್ನು ಸಿಹಿಯಾಗಿಸಬೇಕೆಂದು 1960ರ ಆಸುಪಾಸಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲಸಕ್ಕೆ ಬರುವಂಥ ಆ ಪೊರೆಯನ್ನು ಮಾಡಿ ತೋರಿಸಿದ ಇಬ್ಬರಲ್ಲಿ ಒಬ್ಬರು ಭಾರತದಿಂದ ಹೋಗಿದ್ದ ಶ್ರೀನಿವಾಸ ಸೌರಿರಾಜನ್, ಇನ್ನೊಬ್ಬರು ಸಿಡ್ನಿ ಲೋಯಬ್. ಅಂಥ ಒಳ್ಳೆಯ ವಿದ್ಯೆಯನ್ನು ಮಾರಲು ಕಬ್ಬಿಣದ ಕಡ್ಡಿಯ ಮೋಸ ಯಾಕೆ ಬೇಕು ಎಂಬುದೇ ನನ್ನ ಸಂಕಟ. ಟಿಡಿಎಸ್ ಮೀಟರಿಗೂ ಈಗ ಆ ಮನೆಯಲ್ಲಿ ಸರಿಯಾದ ಕೆಲಸ ಸಿಕ್ಕಿದೆ. ಒಳಗೆ ಹೋಗುವ ನೀರು ಎಷ್ಟು, ಹೊರಗೆ ಬರುವ ನೀರು ಎಷ್ಟು ಎಂದು ತಿಂಗಳಿಗೊಮ್ಮೆ ಅದ್ದಿ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ. ಹೊರಬರುವ ಸಂಖ್ಯೆ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಪೊರೆ ಹಾಳಾಗುತ್ತಿದೆ ಎಂದು ಅರ್ಥ.

ಆದರೆ ಆರ್‌ಒ ನೀರನ್ನು ಬಿಸಾಡುತ್ತದೆ, ಮನೆಯ ಯಂತ್ರಗಳಲ್ಲಿ ಹಲವು ಕುಡಿಯಲು ಕೊಡುವುದಕ್ಕಿಂತ ಹೆಚ್ಚು ನೀರನ್ನು ಚರಂಡಿಗೆ ಬಿಡುತ್ತವೆ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಒ ನಿಷೇಧಿಸಿ, ಉಳಿದ ಕಡೆ ಕನಿಷ್ಠ ಶೇ 60ರಷ್ಟು ನೀರು ಬಳಕೆಗೆ ಸಿಗುವಂತೆ ಮಾಡಿ ಎಂದು 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸರ್ಕಾರಕ್ಕೆ ಹೇಳಿತು. ನೀರು ಉಳಿಸುವ ಕಾಳಜಿ ಸರಿ. ಆದರೆ 410 ಟಿಡಿಎಸ್‌ನ ಅಕ್ಕನ ಮನೆಯನ್ನು ನೆನೆದರೆ, ಅಲ್ಲಿಯೂ ಅದೇ ಒಂದು ಸಂಖ್ಯೆಯನ್ನು ಗೆರೆಯಾಗಿ ಎಳೆದದ್ದು ನನಗೆ ಒಪ್ಪಿಗೆಯಾಗುವುದಿಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕಗಳದ್ದೂ ಒಂದು ಮಾತು ಹೇಳಬೇಕು. ನಾಣ್ಯ ಹಾಕಿದರೆ ಕ್ಯಾನಿಗೆ 20 ಲೀಟರ್ ನೀರು ಬೀಳುತ್ತದೆ, ಬಹಳ ಉಪಕಾರ. ಹಿಂಬದಿಯ ಕೊಳವೆಯಿಂದ ಹೊರಬೀಳುವ, ಫ್ಲೋರೈಡ್ ಇನ್ನೂ ಹೆಚ್ಚಾಗಿರುವ ನೀರು ಎಲ್ಲಿಗೆ ಹೋಗಿ ಇಂಗುತ್ತಿದೆ ಎಂದೂ ಒಮ್ಮೆ ಸುತ್ತಿ ನೋಡಿ ಬನ್ನಿ.

ಕೆ.ಸಿ. ವ್ಯಾಲಿ ನೀರಿನ ವಿಷಯದಲ್ಲೂ ಜನ ನನ್ನನ್ನು ಇದೇ ಮೀಟರು ಹಿಡಿದು ಕೇಳುತ್ತಾರೆ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಸಂಸ್ಕರಿಸಿ ದಿನಕ್ಕೆ 44 ಕೋಟಿ ಲೀಟರ್ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುವ ಯೋಜನೆ ಅದು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು, ಮುಂದಿನ ತಿಂಗಳೇ ನೊರೆ ಬಂತು, ವಿಷಯ ಹೈಕೋರ್ಟಿಗೂ ಆಮೇಲೆ ಸುಪ್ರೀಂ ಕೋರ್ಟಿಗೂ ಹೋಯಿತು, ನೀರು ಮತ್ತೆ ಹರಿಯಿತು. ವರ್ಷಗಟ್ಟಲೆ ಬಿರುಕು ಬಿಟ್ಟಿದ್ದ ಕೆರೆಯಂಗಳದಲ್ಲಿ ನೀರು ಕಂಡಾಗ ಕಣ್ಣಲ್ಲಿ ನೀರು ತಂದುಕೊಂಡವರನ್ನು ನಾನು ಬಲ್ಲೆ, ಅವರ ಸಂತೋಷವನ್ನು ಹಗುರವಾಗಿ ಕಾಣುವವನಲ್ಲ. ಬೋರ್‌ವೆಲ್‌ನಲ್ಲಿ ನೀರು ಮೇಲೆ ಬಂದಿದೆ ಎಂಬುದು ಒಂದು ಲೆಕ್ಕ. ಆ ನೀರಿನಲ್ಲಿ ನೈಟ್ರೇಟ್ ಎಷ್ಟು, ರೋಗಾಣು ಇದೆಯೇ, ಭಾರಲೋಹ ಇದೆಯೇ ಎಂಬುದು ಬೇರೆ ಲೆಕ್ಕ. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಮುಚ್ಚಬಾರದು. ಮೂರನೇ ಹಂತದ ಶುದ್ಧೀಕರಣ ಬೇಕೆಂದು ಕೇಳುವವರನ್ನು ಅಭಿವೃದ್ಧಿಯ ವಿರೋಧಿಗಳೆಂದು ಕರೆಯುವುದು ಅನ್ಯಾಯ.

ಏನು ಮಾಡಬೇಕು ಎನ್ನುವವರಿಗೆ: ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ, ಗಾಜಿನದು ಬೇಡ. ಅದೇ ನೀರಿನಲ್ಲಿ ಮೂರು ಸಲ ತೊಳೆದು, ಬಾಯಿಮಟ್ಟ ತುಂಬಿಸಿ, ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟು ಫ್ಲೋರೈಡ್, ನೈಟ್ರೇಟ್ ಎರಡನ್ನೂ ನೋಡಲು ಹೇಳಿ. ಜಲ ಜೀವನ್ ಮಿಷನ್ ಪ್ರಕಾರ ಪ್ರತಿ ಹಳ್ಳಿಯಲ್ಲೂ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಸಿಗಬೇಕು, ಪರೀಕ್ಷೆಯ ಕಿಟ್ಟೂ ಇರಬೇಕು. ಪಂಚಾಯಿತಿಯಲ್ಲಿ ಅದು ಬೀರುವಿನೊಳಗಿದ್ದರೆ ಹೊರಗೆ ತೆಗೆಸಿ. ದ್ರಾವಣ ಹಾಕಿದಾಗ ಗುಲಾಬಿ ಬಣ್ಣ ಹಳದಿಯತ್ತ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು. ತಾರಸಿ ಇರುವವರು ಮಳೆನೀರು ಹಿಡಿಯಿರಿ. ಸಾವಿರ ಚದರ ಅಡಿ ತಾರಸಿಯ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 65,000 ಲೀಟರ್ ಆಗುತ್ತದೆ. ನಾಲ್ಕು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಎಂದರೂ ವರ್ಷಕ್ಕೆ ಬೇಕಾಗುವುದು 7,300. ಆ ನೀರಿಗೆ ಕಲ್ಲಿನ ಸಂಪರ್ಕವೇ ಇಲ್ಲ, ಫ್ಲೋರೈಡಿನ ಭಯವೂ ಇಲ್ಲ. ಮೊದಲ ಮಳೆಯನ್ನು ಹರಿಯಬಿಟ್ಟು, ಸೋಸಿ, ಬೆಳಕು ಬೀಳದ ತೊಟ್ಟಿಯಲ್ಲಿಟ್ಟು, ಕುದಿಸಿ ಕುಡಿಯಬೇಕು, ಅಷ್ಟೇ.

ಅಕ್ಕನ ಮನೆಯ ಸಣ್ಣ ಮೊಮ್ಮಗನಿಗೆ ಈಗ ಮೂರು ವರ್ಷ, ಅವನ ಶಾಶ್ವತ ಹಲ್ಲುಗಳು ಇನ್ನೂ ದವಡೆಯೊಳಗಿವೆ. ಅವರ ಬೀದಿಯ ಆರು ಮನೆಯವರು ಕಳೆದ ವಾರ ನನ್ನ ಕೈಗೆ ಆರು ಬಾಟಲಿ ಕೊಟ್ಟಿದ್ದಾರೆ. ಒಂದೊಂದರ ಮೇಲೂ ಮನೆಯ ಹೆಸರು, ಬೋರ್‌ವೆಲ್‌ನ ಆಳ, ನೀರು ಹಿಡಿದ ದಿನ ಬರೆದು ಅಂಟಿಸಿದ್ದೇನೆ. ಸೋಮವಾರ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೊರಡುತ್ತೇನೆ.