ಸಾಲಿಗಾಂವ್‌ನಲ್ಲಿ ಕ್ರಿಸ್ತಲಿನಾಳ ಸುದ್ದಿ ಎತ್ತಬಾರದು

ಪಣಜಿಯಿಂದ ಪರ್ವರಿ ದಾಟಿ ಕಲಂಗುಟ್ ಕಡೆಗೆ ಹೋಗುವವರಿಗೆ ಸಾಲಿಗಾಂವ್ ದಾರಿಯಲ್ಲಿ ಸಿಗುವ ಊರು, ಅಷ್ಟೆ. ಕಡಲಿನ ಅವಸರದಲ್ಲಿರುವವರು ಬಿಳಿ ಇಗರ್ಜಿಯ ಫೋಟೊ ತೆಗೆದುಕೊಂಡು ಮುಂದೆ ಸಾಗುತ್ತಾರೆ. ಚೂಪು ಗೋಪುರಗಳ ಈ ಇಗರ್ಜಿ 1873ರದು. ಒಳಗಿರುವ ಮಾತೆಯ ವಿಗ್ರಹ ಹಳೆ ಗೋವಾ ಪಕ್ಕದ ದೌಜಿಂನ ಪಾಳುಬಿದ್ದ ಕಾನ್ವೆಂಟಿನಿಂದ ಬಂದದ್ದು. ಇದನ್ನೆಲ್ಲ ಊರಿನವರು ಉತ್ಸಾಹದಿಂದ ಹೇಳುತ್ತಾರೆ. ಆಲದ ಮರದ ಮಾತೆತ್ತಿದರೆ ಮಾತ್ರ ಬಾಯಿಗೆ ಬೀಗ.

ಆ ಮರದಲ್ಲಿ ಕ್ರಿಸ್ತಲಿನಾ ಎಂಬ ಹೆಣ್ಣು ದೆವ್ವ ಇದೆಯೆನ್ನುವುದು ಪೋರ್ಚುಗೀಸರ ಕಾಲದ ಕಥೆ. ಕತ್ತಲಾದ ಮೇಲೆ ಹಾದುಹೋದವರ ಮೈಮೇಲೆ ಬರುತ್ತಾಳಂತೆ. ನನಗೆ ಇದನ್ನು ಹೇಳಿದವರು ಭಾವ. ಬಾದಾಮಿಯಿಂದ ಬಂದು, ಸೆಂಟ್ರಿಂಗ್ ಕೆಲಸ ಮಾಡುತ್ತ ಮಾಪುಸಾದಲ್ಲಿ ನೆಲೆ ನಿಂತವರು.

ಮರದ ಹತ್ತಿರದ ಅಂಗಡಿಯಲ್ಲಿ ಸೋಡಾ ಕುಡಿಯುತ್ತ ವಿಚಾರಿಸಿದೆ. ಅಂಗಡಿಯಾಕೆ ಕೊಂಕಣಿಯಲ್ಲಿ “ತಶೆಂ ಕಾಂಯ್ ನಾ”, ಹಾಗೇನೂ ಇಲ್ಲ, ಎಂದವರೇ ಗಾಜಿನ ಭರಣಿ ಒರೆಸತೊಡಗಿದರು. ಅದು ಆಗಲೇ ಫಳಫಳ ಹೊಳೆಯುತ್ತಿತ್ತು. ಹೊರಡುವಾಗ, ಸ್ಕೂಟರನ್ನು ಮರದಡಿ ನಿಲ್ಲಿಸಬೇಡಿ ಎಂದರು. ಏಕೆ ಎಂದರೆ, ಹಕ್ಕಿಗಳು ಹಿಕ್ಕೆ ಹಾಕುತ್ತವಂತೆ!

ನಮ್ಮಲ್ಲಿ ಹೀಗಿರಲಿಲ್ಲ. 1990ರ ದಶಕದಲ್ಲಿ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದು, ಸಾಲ ವಸೂಲಿಗೆ ಬಂದವನನ್ನು ಸಾಗಹಾಕುವ ಹಾಗೆ ದೆವ್ವಕ್ಕೆ ವಾಯಿದೆ ಹೇಳುತ್ತಿದ್ದೆವು. ಭಯ ಇಡೀ ಬೀದಿಗೆ ಗೊತ್ತಿತ್ತು, ಮುಚ್ಚಿಡುವುದೇನೂ ಇರಲಿಲ್ಲ. ಇಲ್ಲಿ ಭಯದ ಜೊತೆಗೆ ಲೆಕ್ಕಾಚಾರವೂ ಇದೆ ಎಂದು ನನ್ನ ಗುಮಾನಿ. ಹಂಚಿನ ಹಳೆಯ ಮನೆಗಳನ್ನು ಕೊಳ್ಳಲು ದೆಹಲಿ, ಮುಂಬೈಯವರು ಹುಡುಕಿಕೊಂಡು ಬರುತ್ತಾರೆ. ದೆವ್ವದ ನೆರೆಮನೆಗೆ ಮುಂಗಡ ಕೊಡುವವರು ಯಾರು?

ಭಾವನಿಗೆ ಇದನ್ನು ಹೇಳಿದಾಗ ನಕ್ಕರು. “ಮರದ ಆಚೆ ಒಂದು ಮನೆಗೆ ಸ್ಲ್ಯಾಬ್ ಹಾಕುತ್ತಿದ್ದೇವೆ. ಕೊಳ್ಳುವವರು ಬಂದಾಗ ಯಾರೂ ಬಾಯಿ ಬಿಡಬಾರದು ಎಂದು ಮಾಲೀಕನ ಅಪ್ಪಣೆ. ನಾವು ಬಿಡುವುದಿಲ್ಲ. ಆದರೆ ಐದು ಗಂಟೆಗೇ ಕೆಲಸ ನಿಲ್ಲಿಸುತ್ತೇವೆ. ಪಗಾರ ಪೂರ್ತಿ. ಅವನೂ ತುಟಿ ಪಿಟಕ್ಕೆನ್ನುವುದಿಲ್ಲ.”

“ಅಂದರೆ ನೀವು ಅವಳನ್ನು ನಂಬುತ್ತೀರಾ, ಭಾವ?”

“ಕತ್ತಲಾಗುವವರೆಗೆ ದುಡಿಸುವವರ ಹತ್ತಿರ ಒಂದು ವಾರ ಕೆಲಸ ಮಾಡಿ ನೋಡು. ನೀನೂ ನಂಬುತ್ತೀಯ.”