ಬೆಲೆ ಇಳಿಸಿದರೆ ಏನು ಇಳಿಯುತ್ತದೆ?

26 ಅಕ್ಟೋಬರ್ 2025, ಭಾನುವಾರ
ಗುವಾಂಗ್‌ಝೌ

ಅಳಿಯ ಮುನಿಸಿಕೊಂಡು ಮಲಗಿದ್ದಾನೆ. ನನಗೆ ನಿದ್ದೆ ಹತ್ತುತ್ತಿಲ್ಲ.

ಚೀನಾದ ಈ ಊರಲ್ಲಿ ನಡೆಯುವ ಕ್ಯಾಂಟನ್ ವ್ಯಾಪಾರ ಮೇಳದ ಎರಡನೆಯ ಹಂತ ನಾಳೆಗೆ ಮುಗಿಯುತ್ತದೆ. ಗೃಹಾಲಂಕಾರ, ಪಿಂಗಾಣಿ, ಉಡುಗೊರೆ ಸಾಮಾನು ಎಲ್ಲವೂ ಈ ಹಂತದಲ್ಲೇ. ನಡೆದು ನಡೆದು ಕಾಲು ಸೋತಿದೆ. ಸಂಜೆ ಚಾವೋಝೌ ಕಡೆಯ ಪಿಂಗಾಣಿ ಕಾರ್ಖಾನೆಯ ಒಡತಿಯ ಎದುರು ಕುಳಿತೆವು. ಅವರಿಂದ ಹಿಂದೆಯೂ ಹೂಕುಂಡ ತರಿಸಿದ್ದೇನೆ. ಅಳಿಯನಿಗೆ ಇದು ಮೊದಲ ಭೇಟಿ. "ಚೀನಿಯರು ತೋರಿಸುವುದೊಂದು, ಕಳುಹಿಸುವುದೊಂದು" ಎಂಬ ಮಾತನ್ನು ಬೆಂಗಳೂರಿನಿಂದಲೇ ಕಟ್ಟಿಕೊಂಡು ಬಂದಿದ್ದಾನೆ.

ಆಕೆ ಚಹಾ ಮಾಡಲು ಕುಳಿತರು. ಪುಟ್ಟ ಬಟ್ಟಲುಗಳು. ಮೊದಲ ಸಲ ಇಳಿಸಿದ ಚಹಾದಲ್ಲಿ ಬಟ್ಟಲು ತೊಳೆದು ಚೆಲ್ಲಿದರು. "ಮಾವ, ಕಾಲ ತಳ್ಳುತ್ತಿದ್ದಾರೆ" ಎಂದು ಅಳಿಯ ಪಿಸುಗುಟ್ಟಿದ. ಚಾವೋಝೌದಲ್ಲಿ ಬಂದವರಿಗೆಲ್ಲ ಹೀಗೆಯೇ ಚಹಾ ಕೊಡುತ್ತಾರೆ, ಕೊಳ್ಳುವವರಿರಲಿ ಬಿಡಲಿ. ಬಟ್ಟಲು ತುಂಬಿದಾಗ ನಾನು ಎರಡು ಬೆರಳಿನಿಂದ ಮೇಜು ತಟ್ಟಿದೆ. ಇಲ್ಲಿ ಅದೇ ಧನ್ಯವಾದ.

ಅಳಿಯ ಬೆಲೆ ಇಳಿಸಿ ಎಂದ. ಇಳಿಸಿದರು. ಮತ್ತೆ ಇಳಿಸಿ ಎಂದ. ಆಕೆ ಸುಮ್ಮನಾದರು, ಮತ್ತೊಮ್ಮೆ ಚಹಾ ಸುರಿದರು, ಕೊನೆಗೆ "ಪ್ರಯತ್ನಿಸಬಹುದು" ಎಂದು ಮೊಬೈಲಿನ ಅನುವಾದದಲ್ಲಿ ತೋರಿಸಿದರು. ಗೆದ್ದೆ ಎಂಬಂತೆ ಇವನು ನನ್ನತ್ತ ನೋಡಿದ.

ನಾನು ಕೇಳಿದೆ: "ಈ ಬೆಲೆಗೆ ಮಾಡಿದರೆ ಯಾವುದನ್ನು ಕಡಿಮೆ ಮಾಡುತ್ತೀರಿ?"

ಒಂದಿಷ್ಟೂ ತಡವರಿಸದೆ ಆಕೆ ಕುಂಡವನ್ನು ಬೋರಲು ಹಾಕಿ ತೋರಿಸಿದರು. ಅಂಚು ತೆಳುವಾಗುತ್ತದೆ. ಒಳಮೈಗೆ ಮೆರುಗು ಇರುವುದಿಲ್ಲ. ಐದು ಪದರದ ರಟ್ಟಿನ ಪೆಟ್ಟಿಗೆಗೆ ಬದಲು ಮೂರು ಪದರದ್ದು. ಮೂರು ಬಗೆಯ ಕುಂಡಗಳನ್ನು ಸಾಲಾಗಿ ಇಟ್ಟು, ಒಂದೊಂದರ ಬೆಲೆ ಬರೆದು, ಯಾವುದು ಬೇಕು ಎಂದರು.

ನಾವು ಮೋಸ ಎನ್ನುವುದರಲ್ಲಿ ಎಷ್ಟೋ ಪಾಲು ಇಷ್ಟೇ. ನಾಲ್ಕು ಜನರೆದುರು ಗಿರಾಕಿಗೆ ಆಗುವುದಿಲ್ಲ ಎಂದು ಹೇಳಿದರೆ ಇಬ್ಬರಿಗೂ ಮುಜುಗರವೆಂದು ಅವರು ಹಾಗೆ ಹೇಳುವುದಿಲ್ಲ. ಬೆಲೆಗೆ ತಕ್ಕ ಸರಕು ಮಾಡುತ್ತಾರೆ. ನೇರವಾಗಿ ಕೇಳಿದರೆ ನೇರವಾಗಿಯೇ ಹೇಳುತ್ತಾರೆ. ವಂಚಕರು ಇಲ್ಲವೆನ್ನುತ್ತಿಲ್ಲ, ಅವರು ಚಿಕ್ಕಪೇಟೆಯಲ್ಲೂ ಇದ್ದಾರೆ. ತೂಕ, ದಪ್ಪ, ಪೆಟ್ಟಿಗೆ ಎಲ್ಲವನ್ನೂ ಒಪ್ಪಂದದಲ್ಲಿ ಬರೆಸಿ, ಬರೀ ಸಹಿಗೆ ತೃಪ್ತರಾಗದೆ ಕಂಪನಿಯ ಕೆಂಪು ಮೊಹರು ಹಾಕಿಸಿಕೊಳ್ಳಬೇಕು, ಹಡಗು ಹತ್ತುವ ಮೊದಲು ಸರಕು ತಪಾಸಣೆ ಆಗಬೇಕು. ಎಚ್ಚರ ಬೇರೆ, ಇಡೀ ಜನಾಂಗದ ಮೇಲೆ ಅನುಮಾನ ಬೇರೆ.

ಆಮೇಲೆ ಆಕೆ ತಾವೂ ಒಂದು ಪ್ರಶ್ನೆ ಕೇಳಿದರು. "ಭಾರತದವರು ಒಪ್ಪಂದವಾದ ಮೇಲೂ ಬೆಲೆ ಇಳಿಸಿ ಎನ್ನುತ್ತಾರೆ, 30 ಶೇಕಡ ಮುಂಗಡ ಕೊಟ್ಟು, ಸರಕು ಸಿದ್ಧವಾದ ಮೇಲೆ ಉಳಿದ 70ಕ್ಕೆ ತಕರಾರು ತೆಗೆಯುತ್ತಾರೆ ಎಂದು ನಮ್ಮವರು ಹೇಳುತ್ತಾರೆ. ಹೌದೇ?"

ಅಳಿಯನ ಮುಖ ಕೆಂಪೇರಿತು. "ನಾವು ಯಾವಾಗ ಹಾಗೆ ಮಾಡಿದ್ದೇವೆ ಮಾವ?" ಎಂದ. ಅದೇ ಪ್ರಶ್ನೆಯನ್ನು ಆಕೆಯೂ ಕೇಳಬಹುದಿತ್ತು ಎಂದೆ. ಮುನಿಸು ಅದಕ್ಕೆ.

ರಾತ್ರಿ ಊಟಕ್ಕೆ ಆಕೆಯೇ ಬೌದ್ಧರ ಸಸ್ಯಾಹಾರಿ ಹೋಟೆಲು ಹುಡುಕಿ ಕೊಟ್ಟಿದ್ದರು. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲದ ಅಡುಗೆ. ಅಕ್ಕ ಕಟ್ಟಿಕೊಟ್ಟ ಅವಲಕ್ಕಿಯ ಡಬ್ಬಿ ತೆರೆಯದೆ ಹಾಗೆಯೇ ಉಳಿಯಿತು.

ಇನ್ನು ಸ್ವಲ್ಪ ಹೊತ್ತಿಗೆ ಕೋಲ್ಕತ್ತದಿಂದ ಗುವಾಂಗ್‌ಝೌಗೆ ನೇರ ವಿಮಾನ ಹೊರಡುತ್ತದೆ. 2020ರಲ್ಲಿ ನಿಂತುಹೋದದ್ದು ಇಂದು ಮತ್ತೆ ಶುರು. ಓದಿ ಮನಸ್ಸು ತುಂಬಿತು. ಅದೇ ವರ್ಷ ನಮ್ಮಲ್ಲಿ ವಿಚಾಟ್ ಎಂಬ ಸಂದೇಶದ ಆ್ಯಪ್ ಸೇರಿ 59 ಚೀನೀ ಆ್ಯಪ್‌ಗಳಿಗೆ ನಿಷೇಧ ಬಂತು. ಎದುರುಬದುರು ಕೂರುವುದು ತಪ್ಪಿದಾಗ ಉಳಿದದ್ದು ಗಾಳಿಮಾತು ಮಾತ್ರ. ಗಾಲ್ವಾನ್‌ನಲ್ಲಿ ಮಡಿದ ನಮ್ಮ 20 ಯೋಧರ ನೋವು ನನ್ನೊಳಗಿದೆ. ಅದನ್ನು ಕುಂಡ ಮಾಡುವ ಈ ಹೆಂಗಸಿನ ಲೆಕ್ಕಕ್ಕೆ ಬರೆಯಲಾರೆ.

ಫೆಬ್ರವರಿ 17ಕ್ಕೆ ಚೀನೀ ಹೊಸ ವರ್ಷ. ಕೆಲಸಗಾರರು ಅದಕ್ಕೂ ಮೊದಲೇ ಊರಿಗೆ ಹೊರಡುತ್ತಾರೆ, ಜನವರಿಯಲ್ಲೇ ಸರಕು ಬಂದರು ಬಿಡಬೇಕು. ನಾಳೆ ಅಳಿಯನೇ ಮಾತು ಮುಗಿಸಲಿ, ನಾನು ಬಾಯಿ ಹಾಕುವುದಿಲ್ಲ. ಮಧ್ಯದ ಬೆಲೆಯ ಕುಂಡವನ್ನು ಆರಿಸಿದರೂ ಸರಿ. ಆದರೆ ಚೆನ್ನೈನಿಂದ ಬೆಂಗಳೂರಿನವರೆಗೆ ಲಾರಿಯ ಕುಲುಕಾಟಕ್ಕೆ ಮೂರು ಪದರದ ಪೆಟ್ಟಿಗೆ ಎಲ್ಲಿ ತಾಳೀತು, ಅದೊಂದನ್ನು ಮಾತ್ರ ಅವನಿಗೆ ಹೇಳಬೇಕು.